ದಾಲ್ ಮಿಲ್ಲಿನ ಪಾಳಿ ಪಟ್ಟಿ: ಇಪ್ಪತ್ತರಲ್ಲಿ ಓಟಿ, ನಲವತ್ತರಲ್ಲಿ ರಜೆ, ಐವತ್ತೈದರಲ್ಲಿ ಮುಂಜಾನೆ

ಕಲಬುರಗಿಯ ದಾಲ್ ಮಿಲ್ಲಿನಲ್ಲಿ ವರ್ಕ್‌-ಲೈಫ್ ಬ್ಯಾಲೆನ್ಸ್ ಅನ್ನುವ ಮಾತನ್ನು ಯಾರೂ ಆಡುವುದಿಲ್ಲ. "ಈ ವಾರ ರಾತ್ರಿ ಪಾಳಿ ಬ್ಯಾಡ್ರಿ", "ನಂಗ ಓಟಿ ಹಚ್ರಿ", "ಮಗಳ ಪರೀಕ್ಷಿ ಅದ, ಹತ್ತು ದಿನ ಮುಂಜಾನಿ ಪಾಳಿ ಕೊಡ್ರಿ", ಇಷ್ಟೇ. (ಓಟಿ ಅಂದರೆ ಓವರ್‌ಟೈಮ್, ಪಾಳಿಯ ಎಂಟು ಗಂಟೆಯ ಮೇಲಿನ ದುಡಿಮೆ.) ಪಾಳಿ ಪಟ್ಟಿ ಬರೆಯುವುದು ನನ್ನ ಕೆಲಸ. ಒಬ್ಬನೇ ಮನುಷ್ಯ ಹದಿನೈದು ವರ್ಷದಲ್ಲಿ ಕೇಳಿದ್ದನ್ನೆಲ್ಲ ಒಂದರ ಕೆಳಗೊಂದು ಬರೆದು ನೋಡಿದರೆ ಮೂರು ಬೇರೆ ಮನುಷ್ಯರು ಕೇಳಿದಂತೆ ಕಾಣುತ್ತದೆ. ಪಟ್ಟಿ ಕೆಡುವುದು ಹೆಚ್ಚಾಗಿ ಇಲ್ಲೇ. ಮೊದಲನೆಯವನು ಕೇಳಿದ್ದನ್ನೇ ನಾವು ಮೂರನೆಯವನಿಗೂ ಕೊಡುತ್ತ ಹೋಗುತ್ತೇವೆ. ಹಾಗಾಗದಂತೆ ಪಟ್ಟಿ ಮಾಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಸಣ್ಣ ಕಾರ್ಖಾನೆ, ಹತ್ತಿಯ ಜಿನ್ನಿಂಗ್ ಮಿಲ್, ಆಸ್ಪತ್ರೆಯ ವಾರ್ಡು, ಪೆಟ್ರೋಲ್ ಬಂಕು ನಡೆಸುವವರಿಗೂ ಲೆಕ್ಕ ಬಹುಪಾಲು ಇದೇ.

ಮೊದಲು ಮಿಲ್ಲಿನ ಕೆಲಸ. ಒಂದು ಪಾಳಿಗೆ ಒಂಬತ್ತು ಜಾಗ ಎಂದುಕೊಳ್ಳಿ. ಕಚ್ಚಾ ತೊಗರಿ ಸುರಿಯುವ ಹೊಂಡದ ಬಳಿ ಇಬ್ಬರು, ಜರಡಿ-ಗ್ರೇಡರಿಗೆ ಒಬ್ಬ, ರೋಲರಿಗೆ ಇಬ್ಬರು, ಎಣ್ಣೆ-ನೀರು ಬೆರೆಸುವಲ್ಲಿ ಒಬ್ಬ, ಡ್ರೈಯರಿಗೆ ಒಬ್ಬ, ಕೊನೆಗೆ ಪಾಲಿಶ್, ತೂಕ, ಚೀಲ ಹೊಲಿಗೆಗೆ ಇಬ್ಬರು. ಇವರ ಹೊರಗೆ ಚೀಲದ ಲೆಕ್ಕದ ಮೇಲೆ ದುಡಿಯುವ ಹಮಾಲರು, ಬೇಳೆ ಆಯುವ ಹೆಣ್ಣುಮಕ್ಕಳು, ಒಬ್ಬ ಫಿಟ್ಟರ್, ಒಬ್ಬ ಗುಮಾಸ್ತ. ಮುಂಜಾನೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10. ಸೀಜನ್ನಿನಲ್ಲಿ, ಅಂದರೆ ಹೊಸ ತೊಗರಿ ಬರುವ ತಿಂಗಳುಗಳಲ್ಲಿ ಮಾತ್ರ 10ರಿಂದ 6ರ ರಾತ್ರಿ ಪಾಳಿ.

ರಾತ್ರಿ ಪಾಳಿ ಹುಟ್ಟಿದ್ದು ಹೇಗೆಂದು ತಿಳಿದಿದ್ದರೆ ಹಳಬರ ಗೊಣಗಾಟ ಅರ್ಥವಾಗುತ್ತದೆ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವಿದೆ, ಅದನ್ನು ಸಡಿಲ ಮಾಡದೆ ರೋಲರಿಗೆ ಹಾಕಿದರೆ ಬೇಳೆ ನುಚ್ಚಾಗುತ್ತದೆ. ಅದಕ್ಕೇ ಕಾಳಿಗೆ ಗೀರು ಹಾಕಿಸಿ, ಎಣ್ಣೆ ಸವರಿ (ಕ್ವಿಂಟಲಿಗೆ ಸುಮಾರು 300 ಗ್ರಾಂನಿಂದ 1 ಕೆಜಿವರೆಗೆ), ರಾತ್ರಿ ಗುಡ್ಡೆ ಹಾಕಿ, ಎರಡರಿಂದ ಐದು ದಿನ ಬಿಸಿಲಿಗೆ ಹರಡಿ, ನೀರು ಚಿಮುಕಿಸಿ, ಮತ್ತೆ ಗುಡ್ಡೆ ಮಾಡಿ, ಮತ್ತೆ ಒಣಗಿಸುವುದು ಹಳೆಯ ಪದ್ಧತಿ. ಆ ದಿನಗಳಲ್ಲಿ ಕೆಲಸದ ಹೊತ್ತನ್ನು ಸೂರ್ಯನೇ ಗೊತ್ತುಮಾಡುತ್ತಿದ್ದ. ಮೋಡ ಬಂದರೆ ಕೆಲಸ ನಿಂತಿತು, ಸಂಜೆಗೆ ತಾಡಪತ್ರಿ ಮುಚ್ಚಿದರೆ ಮನೆಗೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬಿಸಿಗಾಳಿಯಲ್ಲಿ ಹದ ಮಾಡುವ ಕ್ರಮವನ್ನು ರೂಪಿಸಿತು. ಮಿಲ್ಲುಗಳಿಗೆ ಡ್ರೈಯರ್ ಬಂತು. ಮಳೆಗಾಲದಲ್ಲೂ ಬೇಳೆ ಒಡೆಯಬಹುದು, ರಾತ್ರಿಯೂ ಒಡೆಯಬಹುದು ಎಂದಾಯಿತು. ಮಾಲೀಕರಿಗೆ ಲಾಭ, ಸರಿ. ಬಿಸಿಲಿನ ಗಡಿಯಾರ ಹೋಗಿ ಗೋಡೆಯ ಗಡಿಯಾರ ಬಂದ ದಿನವೇ "ನನ್ನ ಹೊತ್ತು ಯಾವುದು, ಮಿಲ್ಲಿನ ಹೊತ್ತು ಯಾವುದು" ಅನ್ನುವ ಜಗಳವೂ ಒಳಗೆ ಬಂತು.

ಮೊದಲು ತಲೆ ಎಣಿಕೆ

ಜನ ಸಾಲದೆ ಇದ್ದರೆ ಯಾವ ಪಟ್ಟಿಯೂ ನಿಲ್ಲುವುದಿಲ್ಲ. ಎಷ್ಟು ಜನ ಬೇಕೆಂಬ ಲೆಕ್ಕವನ್ನು ಅಂದಾಜಿನ ಮೇಲೆ ಮಾಡಬೇಡಿ. ವರ್ಷಕ್ಕೆ 365 ದಿನ. ವಾರದ ರಜೆ 52 ಕಳೆಯಿರಿ. ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆ ಕಾಯ್ದೆಯಂತೆ 10 ಕಳೆಯಿರಿ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬ. ಮಿಲ್ಲು ನಡೆಯುವುದು 303 ದಿನ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ಸಂಬಳದ ರಜೆ, ಅಂದರೆ ವರ್ಷಕ್ಕೆ ಸುಮಾರು 15. ಜ್ವರ, ಸಾವು, ಮದುವೆ, ಹೇಳದೆ ತಪ್ಪಿಸುವುದು ಇವಕ್ಕೆಲ್ಲ ನಾನು ಹಿಡಿಯುವುದು 18. ಉಳಿದದ್ದು 270. ಹಾಗಾಗಿ 303 ದಿನದ ಒಂದು ಜಾಗ ತುಂಬಲು 1.12 ಜನ ಬೇಕು. ಎರಡು ಪಾಳಿಯ 18 ಜಾಗಕ್ಕೆ 20 ಜನ ಇದ್ದರೆ ಎಳೆದಾಡಿ ನಡೆಯುತ್ತದೆ, 21 ಇದ್ದರೆ ಉಸಿರಾಡಬಹುದು. 18 ಜಾಗಕ್ಕೆ 18 ಜನ ಇಟ್ಟುಕೊಂಡು ಯಾರಿಗೂ ರಜೆ ಇಲ್ಲ ಅನ್ನುವವರು ಕಾರ್ಮಿಕರನ್ನು ಬೈಯುವುದರಲ್ಲಿ ಅರ್ಥವಿಲ್ಲ. ತಪ್ಪಿರುವುದು ಅವರ ಗಣಿತದಲ್ಲಿ.

ಹೆಚ್ಚುವರಿ ಜನ ದುಬಾರಿ ಅನ್ನುವ ಮಾಲೀಕರಿಗೆ ಈ ಲೆಕ್ಕ ತೋರಿಸಿ. ಉದಾಹರಣೆಗೆ ದಿನಗೂಲಿ ₹600, ಗಂಟೆಗೆ ₹75. ಓಟಿಗೆ ದುಪ್ಪಟ್ಟು, ₹150. ಒಂಬತ್ತು ಜನ ಎರಡೆರಡು ಗಂಟೆ ಓಟಿ ಮಾಡಿದರೆ 18 ಗಂಟೆಗೆ ₹2,700. ಇಬ್ಬರು ಹೆಚ್ಚುವರಿ ಕೆಲಸಗಾರರ 16 ಗಂಟೆಗೆ ಕೂಲಿ ₹1,200. ಇಎಸ್‌ಐ, ಪಿಎಫ್, ಬೋನಸ್, ರಜೆ, ಗ್ರಾಚ್ಯುಟಿ ಎಲ್ಲ ಕೂಡಿಸಿದರೂ ₹1,600ರ ಆಸುಪಾಸು. ಓಟಿಯ ನಿಜವಾದ ಬೆಲೆ ಇದಕ್ಕಿಂತ ಹೆಚ್ಚು, ಯಾಕೆಂದರೆ ಒಂಬತ್ತನೇ ಹತ್ತನೇ ಗಂಟೆಯಲ್ಲಿ ಬೇಳೆ ಒಡೆಯುತ್ತದೆ. ಪ್ರತಿ ಪಾಳಿಯ ನುಚ್ಚನ್ನೂ ಚುನಿಯನ್ನೂ (ಸಿಪ್ಪೆ ಬೆರೆತ ಪುಡಿ) ಬೇರೆ ತೂಗಿಸಿ, ಪಾಳಿಯನ್ನು ಎರಡು ಭಾಗ ಮಾಡಿ ಬರೆದಿಡಿ. ಕೊನೆಯ ಎರಡು ಗಂಟೆಯಲ್ಲಿ ನುಚ್ಚು ಏರಿದರೆ ಮೊದಲು ರೋಲರಿನ ಸಂದು ಮತ್ತು ಎಮರಿಯ (ರೋಲರಿನ ಉಜ್ಜುವ ಪದರ) ಸವೆತ ನೋಡಿ. ಅದು ಸರಿ ಇದ್ದರೆ ನೋಡಬೇಕಾದ್ದು ಆಪರೇಟರನ ಕಣ್ಣು.

ಆರು ತಿಂಗಳ ಪುಸ್ತಕ

ಇಪ್ಪತ್ತೊಂದು ಜನಕ್ಕೆ ಇಪ್ಪತ್ತೊಂದು ಪುಟದ ಒಂದು ಲಾಂಗ್ ನೋಟ್‌ಬುಕ್. ವರ್ಷಕ್ಕೆ ಎರಡು ಸಲ, ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಹತ್ತು ನಿಮಿಷ. ಒಂದು ಸಲ ಜೂನ್ ಮೊದಲ ವಾರ, ಶಾಲೆ ಶುರುವಾದ ಕೂಡಲೆ. ಇನ್ನೊಂದು ಸಲ ದೀಪಾವಳಿ ಮುಗಿದ ಮೇಲೆ, ಹೊಸ ತೊಗರಿ ಬರುವ ಮುಂಚೆ. "ನಿನಗೆ ಯಾವ ಪಾಳಿ ಬೇಕು" ಎಂದು ಮಾತ್ರ ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ಮುಂಜಾನೆ ಪಾಳಿ ಅಂತಾರೆ, ಇಲ್ಲವೇ ಸಂಕೋಚಕ್ಕೆ "ಯಾವ್ದಾರ ಹಾಕ್ರಿ" ಅಂತಾರೆ. ಎರಡರಿಂದಲೂ ಏನೂ ತಿಳಿಯುವುದಿಲ್ಲ.

ಕೇಳಬೇಕಾದ್ದು ಮನೆಯ ಸಂಗತಿ. ಮನೆಯಲ್ಲಿ ಮೊದಲು ಏಳುವವರು ಯಾರು, ಎಷ್ಟು ಹೊತ್ತಿಗೆ? ಮಕ್ಕಳು ಯಾವ ಇಯತ್ತೆ, ಬಿಡುವವರು ಯಾರು? ಹೊಲ ಎಷ್ಟು ಎಕರೆ, ಏನು ಬಿತ್ತಿದ್ದೀರಿ? ಈ ಆರು ತಿಂಗಳಲ್ಲಿ ಮದುವೆ, ಹೆರಿಗೆ, ಆಪರೇಶನ್, ಬೋರ್ಡ್ ಪರೀಕ್ಷೆ ಇದೆಯೆ? ಕಂತು ಕಟ್ಟುವ ತಾರೀಖು ಯಾವುದು, ಉಚಲ್ (ಮುಂಗಡವಾಗಿ ಪಡೆದ ಹಣ) ಎಷ್ಟು ಬಾಕಿ? ದಿನದಲ್ಲಿ ಒಂದೇ ಒಂದು ಗಂಟೆ ಮನೆಯಲ್ಲಿ ಇರಲೇಬೇಕೆಂದರೆ ಅದು ಯಾವ ಗಂಟೆ? ಕೊನೆಯ ಪ್ರಶ್ನೆ: ಎಂಟು ಗಂಟೆ ಓಟಿಯ ದುಡ್ಡು ಬೇಕೋ, ಒಂದು ದಿನ ರಜೆ ಬೇಕೋ?

ಆ ಕೊನೆಯ ಉತ್ತರದ ಮುಂದೆ ತಾರೀಖು ಹಾಕಿ. ಮುಂದಿನ ಸಲ ಹಳೆಯ ಉತ್ತರ ತೋರಿಸದೆ ಮತ್ತೆ ಕೇಳಿ. ದುಡ್ಡು ಎಂದು ಬರೆಸಿಕೊಂಡು ಬಂದವನು ರಜೆ ಎಂದ ದಿನ ಅವನ ಮನೆಯಲ್ಲಿ ಏನೋ ಬದಲಾಗಿದೆ, ಪಟ್ಟಿಯೂ ಬದಲಾಗಬೇಕು. ಇದನ್ನು ಬರೆದಿಡದೆ ನೆನಪಿನ ಮೇಲೆ ನಡೆಸಿದರೆ "ಅವನು ಓಟಿ ಪ್ರಿಯ" ಎಂಬ ಹಣೆಪಟ್ಟಿ ಹತ್ತು ವರ್ಷ ಅಂಟಿಕೊಂಡಿರುತ್ತದೆ. ಅವನೂ ಬಾಯಿ ಬಿಡುವುದಿಲ್ಲ. ಒಂದು ದಿನ ಬರುವುದನ್ನೇ ನಿಲ್ಲಿಸುತ್ತಾನೆ.

ಇಪ್ಪತ್ತರಿಂದ ಇಪ್ಪತ್ತೇಳು. ಇವರು ದುಡ್ಡನ್ನೇ ಆರಿಸುತ್ತಾರೆ, ರಾತ್ರಿ ಪಾಳಿಗೂ ಬೇಸರವಿಲ್ಲ. ಹಗಲು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೋ ಸರ್ಕಾರಿ ಗುಮಾಸ್ತಿಕೆಯ ಎಫ್‌ಡಿಎಗೋ ಓದುವವರಿದ್ದಾರೆ. ಇವರಿಗೆ ಬೇಕಾದ ರಜೆಯ ಆಕಾರ ಬೇರೆ. ವಾರಕ್ಕೊಂದು ಬಿಡಿ ರಜೆಯಿಂದ ಅಫಜಲಪುರದ ಅಥವಾ ಚಿಂಚೋಳಿಯ ಕಡೆಯ ಹಳ್ಳಿಗೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಎರಡು-ಮೂರು ದಿನ ಒಟ್ಟಿಗೆ ಬೇಕು. ಓಟಿ ಪೂರ್ತಿ ನಿಲ್ಲಿಸಿದರೆ ಪುಣೆಗೋ ಹೈದರಾಬಾದಿಗೋ ಬಸ್ಸು ಹತ್ತುತ್ತಾರೆ. ಹಾಗಂತ ಕೇಳಿದಷ್ಟು ಕೊಡಬಾರದು. ನಾನು ಇಟ್ಟುಕೊಂಡ ಮಿತಿ ವಾರಕ್ಕೆ 8 ಗಂಟೆ, ಸತತ ಎರಡು ದಿನ ಮಾತ್ರ. ಓಟಿ ಕೇಳುವ ಹುಡುಗನಲ್ಲಿ ಎರಡು ಬಗೆ: ಕೂಡಿಡಲು ಕೇಳುವವನು, ಉಚಲ್ ತೀರಿಸಲು ಕೇಳುವವನು. ಎರಡನೆಯವನಿಗೆ ಓಟಿ ಹೆಚ್ಚಿಸುವುದಕ್ಕಿಂತ ಉಚಲಿನ ಕಡಿತವನ್ನು ಆರು ತಿಂಗಳ ಬದಲು ಹತ್ತು ತಿಂಗಳಿಗೆ ಹಂಚಿದರೆ ಮಿಲ್ಲಿಗೂ ಅವನಿಗೂ ಒಳ್ಳೆಯದು.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು ಮಿಲ್ಲಿನ ಚಹಾದಂಗಡಿಯಲ್ಲೂ ಚರ್ಚೆಯಾಯಿತು. ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷ. ಕುರ್ಚಿಯ ಕೆಲಸದಲ್ಲಿ ಅದು ಏನೋ, ನನಗೆ ಹೇಳಲಾಗದು. ತಿರುಗುವ ಬೆಲ್ಟಿನ ಪಕ್ಕ ನಿಂತವನಿಗೆ ಅಷ್ಟು ಹೊತ್ತು ಬರೆಯಲು ನನ್ನ ಕೈ ಏಳುವುದಿಲ್ಲ. ಬ್ರಿಟಿಷ್ ಇಂಡಿಯಾದ ಕಾರ್ಖಾನೆ ಕಾಯ್ದೆಯಲ್ಲಿ 1922ರಲ್ಲಿ ವಾರಕ್ಕೆ 60 ಗಂಟೆ ಇತ್ತು, 1934ರ ಕಾಯ್ದೆಯಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗೆ 54 ಆಯಿತು, 1948ರ ಕಾಯ್ದೆ 48 ಎಂದು ಬರೆಯಿತು. ಹಾಗೆ ಇಳಿಸುವುದಕ್ಕೆ ಕಾರಣಗಳಿದ್ದವು.

ಇಪ್ಪತ್ತೆಂಟರಿಂದ ಮೂವತ್ತೆಂಟು. ಅತಿ ಕಷ್ಟದ ವಯಸ್ಸು ಇದೇ, ಯಾಕೆಂದರೆ ಕೇಳಿಕೆ ಎರಡು ದಿಕ್ಕಿಗೆ ಎಳೆಯುತ್ತದೆ. ಬೈಕಿನ ಕಂತು, ಮನೆ ಬಾಡಿಗೆ, ಕಾನ್ವೆಂಟ್ ಫೀ ಇರುವುದರಿಂದ ದುಡ್ಡು ಬೇಕು, ಕೂಸು ಸಣ್ಣದಿರುವುದರಿಂದ ಹೊತ್ತೂ ಬೇಕು. "ಓಟಿ ಬೇಕ್ರಿ, ರಾತ್ರಿ ಬ್ಯಾಡ್ರಿ" ಅನ್ನುವುದು ಈ ವಯಸ್ಸಿನವರ ಪಲ್ಲವಿ. ಇವರಿಗೆ ರಜೆಯ ಸಂಖ್ಯೆಗಿಂತ ಮುಂಚೆ ತಿಳಿಯುವುದು ಮುಖ್ಯ. ಪಟ್ಟಿಯನ್ನು ಶನಿವಾರ ಸಂಜೆ ಹಚ್ಚುವ ಬದಲು ಎರಡು ವಾರ ಮೊದಲೇ ಹಚ್ಚಿ ನೋಡಿ, ಹೇಳದೆ ತಪ್ಪಿಸುವುದು ಈ ಗುಂಪಿನಲ್ಲೇ ಮೊದಲು ಕಡಿಮೆಯಾಗುತ್ತದೆ. ಓಟಿಯನ್ನು ಪಾಳಿಯ ಹಿಂದೆ ಹಚ್ಚದೆ ಮುಂದೆ ಹಚ್ಚಬಹುದು, ಅಂದರೆ 2ರ ಪಾಳಿಯವನು 12ಕ್ಕೆ ಬರುವುದು. ರಾತ್ರಿ 12ಕ್ಕೆ ಮನೆ ಸೇರುವುದಕ್ಕಿಂತ ಇದು ಅವನ ಮನೆಗೆ ಹಗುರ.

ಮೂವತ್ತೆಂಟರಿಂದ ಐವತ್ತು. ಇವರು ದಿನದ ಗಂಟೆಯ ಬಗ್ಗೆ ತಕರಾರು ಮಾಡುವುದಿಲ್ಲ, ತಿಂಗಳಿನ ಬಗ್ಗೆ ಮಾಡುತ್ತಾರೆ. ಮಾರ್ಚ್-ಏಪ್ರಿಲಿನಲ್ಲಿ ಪಿಯುಸಿ, ಎಸ್‌ಎಸ್‌ಎಲ್‌ಸಿ, ಏಪ್ರಿಲ್-ಮೇಯಲ್ಲಿ ಮದುವೆ, ಯಾವಾಗ ಬೇಕಾದರೂ ತಂದೆ-ತಾಯಿಯ ಆಸ್ಪತ್ರೆ. ವರ್ಷದ 15 ರಜೆಯಲ್ಲಿ ಹತ್ತನ್ನು ಒಟ್ಟಿಗೆ ಕೊಡಬೇಕಾಗುತ್ತದೆ. ತೊಂದರೆ ಏನೆಂದರೆ ಅದು ಸರಿಯಾಗಿ ಸೀಜನ್ನಿನ ನಟ್ಟನಡುವೆ ಬೀಳುತ್ತದೆ. ನವೆಂಬರಿನ ಪುಸ್ತಕದಲ್ಲೇ ತಾರೀಖು ಬರೆಸಿಕೊಂಡು, ಒಂದೇ ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಜನ ಉದ್ದ ರಜೆಯಲ್ಲಿ ಇರದಂತೆ ನೋಡಿಕೊಳ್ಳುತ್ತೇನೆ. ರೋಲರಿನ ಇಬ್ಬರು ಒಟ್ಟಿಗೆ ಹೋಗುವಂತಿಲ್ಲ. ಇದು ಆಗಬೇಕಾದರೆ ಜರಡಿಯವನಿಗೆ ರೋಲರ್ ಕಲಿಸಿರಬೇಕು. ಕಲಿಸಲು ಜುಲೈ-ಆಗಸ್ಟ್ ಸರಿಯಾದ ಕಾಲ, ಮಾಲು ಕಡಿಮೆ, ಕಾಳು ಹಾಳಾದರೂ ನಷ್ಟ ಸಣ್ಣದು.

ಆಯುವ ಹೆಣ್ಣುಮಕ್ಕಳ ಗಡಿಯಾರ

ಇವರದನ್ನು ಗಂಡಸರ ಪಟ್ಟಿಯ ಕೆಳಗೆ ಎರಡು ಸಾಲಿನಲ್ಲಿ ಮುಗಿಸುವ ರೂಢಿ ಇದೆ, ಅದು ತಪ್ಪು. ಮುಂಜಾನೆ ನಾಲ್ಕೂವರೆಗೆ ಎದ್ದು ಇಪ್ಪತ್ತು-ಇಪ್ಪತ್ತೈದು ಜೋಳದ ರೊಟ್ಟಿ ಬಡಿದು, ಪಲ್ಯ ಮಾಡಿ, ಬುತ್ತಿ ಕಟ್ಟಿ ಬಂದವರಿಗೆ ಮಿಲ್ಲಿನ ಕೆಲಸ ದಿನದ ಎರಡನೇ ಪಾಳಿ. ಮನೆಗೆ ಹೋದ ಮೇಲೆ ಮೂರನೆಯದು. ಕೇಳಿಕೆ ಬದಲಾಗುವ ಬಗೆ ಇಲ್ಲಿ ಇನ್ನೂ ಸ್ಪಷ್ಟ. ಕೂಸು ಸಣ್ಣದಿರುವಾಗ 10ರಿಂದ 5, ಮಧ್ಯೆ ಒಂದು ಸಲ ಹಾಲೂಡಿಸಲು ಬಿಡುವು. ಮಗಳು ಹನ್ನೆರಡು ದಾಟಿ ಮನೆ ನೋಡಿಕೊಳ್ಳುವಂತಾದರೆ ಪೂರ್ತಿ ದಿನ, ಓಟಿಯೂ ಬೇಕು. (ಆ ಮಗಳ ಓದು ಏನಾಗುತ್ತದೆ ಎಂಬುದನ್ನು ಪಟ್ಟಿ ಬರೆಯುವವನು ಯೋಚಿಸದೆ ಇರಲಾಗದು. ಸಂಜೆಯ ಓಟಿಯನ್ನು ಇವರಿಗೆ ನಾನು ಪರೀಕ್ಷೆಯ ತಿಂಗಳುಗಳಲ್ಲಿ ಕೇಳುವುದಿಲ್ಲ.) ಅತ್ತೆ ಹಾಸಿಗೆ ಹಿಡಿದರೆ ಮತ್ತೆ ಅರ್ಧ ದಿನ. ಸೊಸೆ ಬಂದ ಮೇಲೆ "ಮುಂಜಾನಿ ಎಂಟಕ್ಕ ಬರ್ತೀನ್ರಿ, ಸಂಜಿ ಆರರ ತನಕ ಇರ್ತೀನಿ".

ಇವರಿಗೆ ಮೂರು ಗಂಟೆಯ ತುಂಡುಗಳ ಪಟ್ಟಿ ಮಾಡಿ: 8ರಿಂದ 11, 11ರಿಂದ 2, 2.30ರಿಂದ 5.30. ಕೆಲವರು ಒಂದು ತುಂಡು, ಕೆಲವರು ಎರಡು, ಕೆಲವರು ಎರಡೂಮುಕ್ಕಾಲು. ಕೂಲಿ ಗಂಟೆಯ ಲೆಕ್ಕ, ಆಯ್ದ ಕೆಜಿಯ ಲೆಕ್ಕ ಅಲ್ಲ. ಕೆಜಿಯ ಲೆಕ್ಕ ಇಟ್ಟರೆ ಅರ್ಧ ದಿನ ಬಂದವರೂ ಊಟ ಬಿಟ್ಟು ದಿನದ ಕೂಲಿ ಹೊಂದಿಸಲು ನೋಡುತ್ತಾರೆ, ಕಲ್ಲು ಬೇಳೆಯಲ್ಲೇ ಉಳಿಯುತ್ತದೆ. ನಲ್ಲಿ ನೀರು ಬರುವ ದಿನ ಒಂದು ಓಣಿಯವರೆಲ್ಲ ತಡ. ಆ ಓಣಿಯ ಹೆಸರನ್ನು ಪಟ್ಟಿಯ ಅಂಚಿನಲ್ಲಿ ಬರೆದುಕೊಂಡು ಅಂದು ಅವರಿಗೆ ಎರಡನೇ ತುಂಡಿನಿಂದ ಶುರು ಮಾಡಿ. ಅರ್ಧ ಕೂಲಿ ಕತ್ತರಿಸುವುದರಿಂದ ನೀರು ಬೇಗ ಬರುವುದಿಲ್ಲ. ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಹಾಕಲು ಕಾರ್ಖಾನೆ ಕಾಯ್ದೆಯ 2023ರ ರಾಜ್ಯ ತಿದ್ದುಪಡಿ ಷರತ್ತುಗಳೊಂದಿಗೆ ದಾರಿ ಮಾಡಿತು. ವಾಹನ, ಬೆಳಕು, ಕಾವಲು ಎಲ್ಲ ಹೊಂದಿಸಲಾಗದ ಸಣ್ಣ ಮಿಲ್ಲಿನವರು ಆ ದಾರಿಗೆ ಹೋಗದಿರುವುದೇ ಲೇಸು.

ಸೀಜನ್ನು, ಹೊಲ, ಹಬ್ಬ

ಮಿಲ್ಲಿನ ವರ್ಷ ಜನವರಿಗೆ ಶುರು. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ, ಅಲ್ಲಿಂದ ಎಪಿಎಂಸಿಗೆ ಮಾಲು ಸುರಿಯುತ್ತದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಹೆಸರಿನ ತೂಕದ ಜೊತೆಗೆ ಆ ತಿಂಗಳುಗಳ ಒತ್ತಡವೂ ಉಂಟು. ಆದರೆ ಕೆಲಸಗಾರರಲ್ಲಿ ಅರ್ಧ ಜನ ರೈತರ ಮಕ್ಕಳು. ಅವರ ಹೊಲದಲ್ಲಿ ತೊಗರಿ ಕಟಾವಾಗುವುದೂ ಅದೇ ಡಿಸೆಂಬರಿನಲ್ಲಿ, ಬಿಳಿಜೋಳ ಕೊಯ್ಯುವುದು ಫೆಬ್ರುವರಿ-ಮಾರ್ಚಿನಲ್ಲಿ. ಪುಸ್ತಕದಲ್ಲಿ ಎಕರೆ ಮತ್ತು ಬೆಳೆ ಬರೆಸಿದ್ದು ಇದಕ್ಕೇ. ಮೂರು ಎಕರೆ ತೊಗರಿ ಇರುವವನಿಗೆ ಡಿಸೆಂಬರಿನಲ್ಲಿ ಒಂದು ವಾರ ಬರೆದೇ ಬಿಡಿ. ಬರೆಯದಿದ್ದರೂ ಅವನು ಹೋಗುತ್ತಾನೆ, ಆಗ ನಿಮಗೆ ಗೊತ್ತಾಗುವುದು ಮುಂಜಾನೆ ಆರೂಕಾಲಿಗೆ. ವಯಸ್ಸಾದಂತೆ ಹೊಲದ ಸೆಳೆತ ಕಡಿಮೆಯಾಗುತ್ತದೆ ಎಂದು ನಂಬಬೇಡಿ. ಇಪ್ಪತ್ತೈದರ ಹುಡುಗ ಹೊಲವನ್ನು ಪಾಲಿಗೆ ಕೊಟ್ಟು ಓಟಿ ಕೇಳುತ್ತಾನೆ, ನಲವತ್ತೈದರವನು ಓಟಿ ಬಿಟ್ಟು ಹೊಲಕ್ಕೆ ಹೋಗುತ್ತಾನೆ.

ಎಳ್ಳ ಅಮಾವಾಸ್ಯೆಗೆ ಮಿಲ್ಲು ನಡೆಸುವ ಪ್ರಯತ್ನವನ್ನೇ ಮಾಡಬೇಡಿ. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಊರಿಗೆ ಊರೇ ಹೊಲದಲ್ಲಿರುವ ದಿನ ಡಬಲ್ ಕೂಲಿ ಕೊಟ್ಟರೂ ನಾಲ್ಕು ಜನ ಬರುವುದಿಲ್ಲ. ನಾಲ್ಕು ಜನದಿಂದ ರೋಲರ್ ತಿರುಗಿಸುವುದು ಅಪಾಯ. ಹಬ್ಬದ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ವಾರದ ರಜೆಯನ್ನೇ ಅತ್ತ ಸರಿಸಿ. 1948ರ ಕಾರ್ಖಾನೆ ಕಾಯ್ದೆಯ ಸೂತ್ರ ನನಗೆ ಈಗಲೂ ಅನುಕೂಲ: ವಾರದ ರಜೆಯನ್ನು ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಬದಲಿಸಬಹುದು, ಆದರೆ ಪೂರ್ತಿ ರಜೆ ಇಲ್ಲದೆ ಸತತ ಹತ್ತು ದಿನ ದಾಟಬಾರದು. ಬದಲಿಸುವ ಮುನ್ನ ನೋಟಿಸ್ ಬೋರ್ಡಿಗೆ ಹಚ್ಚಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಸಂಬಳದ ರಜೆಗೆ ಬೇಕಾದ ಹಾಜರಿ 240 ದಿನದಿಂದ 180ಕ್ಕೆ ಇಳಿದಿದೆ, ವಾರಕ್ಕೆ 48 ಗಂಟೆ ಮತ್ತು ಓಟಿಗೆ ದುಪ್ಪಟ್ಟು ಹಾಗೆಯೇ ಇವೆ. ಸೀಜನ್ನಿಗೆ ಮಾತ್ರ ಬರುವವರಲ್ಲೂ ಈಗ ಹಲವರು ರಜೆಗೆ ಅರ್ಹರಾಗುತ್ತಾರೆ, ತಲೆ ಎಣಿಕೆಯ ಲೆಕ್ಕ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ.

ರಂಜಾನ್ ವರ್ಷಕ್ಕೆ 10-11 ದಿನ ಹಿಂದಕ್ಕೆ ಸರಿಯುತ್ತದೆ. ಈಗಿನ ವರ್ಷಗಳಲ್ಲಿ ಅದು ಫೆಬ್ರುವರಿ-ಮಾರ್ಚಿನ ಒತ್ತಡದಲ್ಲೇ ಬರುತ್ತದೆ. ಉಪವಾಸ ಇರುವವರಿಗೆ 6ರಿಂದ 2 ಅನುಕೂಲ. ಎರಡನೇ ಪಾಳಿಗೆ ಹಾಕಲೇಬೇಕಾದರೆ ಅರ್ಧ ಗಂಟೆಯ ಬಿಡುವನ್ನು 6ಕ್ಕೆ ಎಂದು ಗಟ್ಟಿ ಮಾಡದೆ ಆ ದಿನದ ಇಫ್ತಾರ್ ಹೊತ್ತಿಗೆ ಹೊಂದಿಸಿ. ತಿಂಗಳ ಮೊದಲಿಗೂ ಕೊನೆಗೂ ಕೆಲವು ನಿಮಿಷದ ವ್ಯತ್ಯಾಸ ಇರುತ್ತದೆ, ಕ್ಯಾಲೆಂಡರ್ ನೋಡಿ ಪಟ್ಟಿಯಲ್ಲೇ ಬರೆದರೆ ದಿನಾ ಕೇಳುವ ಮುಜುಗರ ಅವರಿಗಿಲ್ಲ. ಶರಣಬಸವೇಶ್ವರ ಜಾತ್ರೆಯ ರಥೋತ್ಸವದ ಸಂಜೆ ಎರಡನೇ ಪಾಳಿಯನ್ನು ರಾತ್ರಿ 10ರಿಂದ 6ಕ್ಕೆ ಬದಲಿಸಿದರೆ ಎಲ್ಲರೂ ಬರುತ್ತಾರೆ.

ಬೇಸಿಗೆಯ ರಾತ್ರಿ ಪಾಳಿ

ಏಪ್ರಿಲ್-ಮೇಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಮಿಲ್ಲಿಗೆ ಆ ಭಾಗ್ಯವಿಲ್ಲ. ಅಂಗಳದಲ್ಲಿ ಕಾಳು ಒಣಗಿಸುವವರಿಗೆ 6ರಿಂದ 11, ಮತ್ತೆ 4ರಿಂದ 7 ಎಂದು ಒಡೆದ ಪಾಳಿ ಹಾಕುವುದು ಹಲವರ ರೂಢಿ. ನೋಡಲು ದಯೆಯಂತೆ ಕಾಣುತ್ತದೆ. ಪಕ್ಕದ ಓಣಿಯವರಿಗೆ ಅದು ದಯೆಯೇ. ಹನ್ನೆರಡು ಕಿಲೋಮೀಟರ್ ದೂರದಿಂದ ಬರುವವನು ಮಾತ್ರ ಐದು ಗಂಟೆ ತಾಡಪತ್ರಿಯ ನೆರಳಲ್ಲಿ ಕೂತು 8 ಗಂಟೆಯ ಕೂಲಿಗೆ 13 ಗಂಟೆ ಕೊಡುತ್ತಾನೆ. 1948ರ ಕಾಯ್ದೆ ಬಿಡುವು ಸೇರಿ ದಿನದ ಹರವು ಹತ್ತೂವರೆ ಗಂಟೆ ದಾಟಬಾರದು ಎಂದಿತ್ತು. ನಾನು ದೂರದವರಿಗೆ 5.30ರಿಂದ 1.30 ನೇರ ಪಾಳಿ, ಅದರಲ್ಲೂ 11ರ ಮೇಲೆ ನೆರಳಿನ ಕೆಲಸ. ಹತ್ತಿರದವರಿಗೆ ಮಾತ್ರ, ಅವರು ಒಪ್ಪಿದರೆ, 6.30ರಿಂದ 11 ಮತ್ತು 4ರಿಂದ 5 ಬರೆಯುತ್ತೇನೆ.

ರಾತ್ರಿ ಪಾಳಿಯದು ಇದಕ್ಕಿಂತ ಗಂಭೀರ. ಕೆಲಸದ ಕಷ್ಟಕ್ಕಿಂತ ಮರುದಿನದ ನಿದ್ದೆ ಅಲ್ಲಿ ದೊಡ್ಡ ಪ್ರಶ್ನೆ. ಪತ್ರಾಸಿನ (ತಗಡಿನ) ಮನೆ, ಹೊರಗೆ 42 ಡಿಗ್ರಿ, ಕರೆಂಟ್ ಹೋಗಿದೆ, ಒಂದೇ ಕೋಣೆಯಲ್ಲಿ ಮಕ್ಕಳು. ಮುಂಜಾನೆ 7ಕ್ಕೆ ಮಲಗಿದವನು 10ಕ್ಕೆ ಏಳುತ್ತಾನೆ. ಮೂರು ಗಂಟೆಯ ನಿದ್ದೆಯ ಮೇಲೆ ಮತ್ತೆ ಎಲಿವೇಟರ್ ಬೆಲ್ಟಿನ ಮುಂದೆ ನಿಲ್ಲುತ್ತಾನೆ. ಚಳಿಗಾಲದಲ್ಲಿ ಸತತ ಐದು ರಾತ್ರಿ ನಡೆದದ್ದು ಮೇಯಲ್ಲಿ ನಡೆಯುವುದಿಲ್ಲ. ಏಪ್ರಿಲಿನಿಂದ ಸತತ ರಾತ್ರಿ ಎರಡೇ, ನಂತರ ಒಂದು ಪೂರ್ತಿ ದಿನ ಬಿಡುವು. ಮಿಲ್ಲಿನ ಗೋದಾಮಿನ ಉತ್ತರದ ಕೋಣೆಯಲ್ಲಿ ಕೂಲರ್, ನಾಲ್ಕು ಮಂಚ, ಕಿಟಕಿಗೆ ಕಪ್ಪು ಬಟ್ಟೆ. 6ಕ್ಕೆ ಬಿಟ್ಟವರು 11ರ ತನಕ ಅಲ್ಲೇ ಮಲಗಬಹುದು. ಕೂಲರಿನ ಖರ್ಚು ಒಂದು ಸಲ ಬೆಲ್ಟಿಗೆ ಕೈ ಸಿಕ್ಕಿದರೆ ಆಗುವ ಖರ್ಚಿನ ಮುಂದೆ ಏನೂ ಅಲ್ಲ.

ಪಾಳಿ ಸುತ್ತುವ ದಿಕ್ಕೂ ಮುಖ್ಯ: ಮುಂಜಾನೆ, ಮಧ್ಯಾಹ್ನ, ರಾತ್ರಿ, ಈ ಕ್ರಮ. ಹೊತ್ತು ಮುಂದಕ್ಕೆ ಸರಿದರೆ ಮೈ ಒಗ್ಗುತ್ತದೆ. ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಮುಂಜಾನೆಗೆ ಹಿಂದಕ್ಕೆ ಎಳೆದರೆ ರಾತ್ರಿ 10ಕ್ಕೆ ಬಿಟ್ಟವನು ಮುಂಜಾನೆ 6ಕ್ಕೆ ಬರಬೇಕು, ನಡುವೆ ಎಂಟೇ ಗಂಟೆ. ಎರಡು ಪಾಳಿಗಳ ನಡುವೆ 11 ಗಂಟೆಗಿಂತ ಕಡಿಮೆ ಅಂತರ ಬಂದರೆ ಪಟ್ಟಿಯನ್ನು ಮತ್ತೆ ಬರೆಯಿರಿ. ಇದನ್ನು ಕಂಡುಹಿಡಿಯಲು ಕಂಪ್ಯೂಟರ್ ಬೇಡ, ಪಾಳಿ ಬದಲಾಗುವ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿದರೆ ಸಾಕು.

ತಪ್ಪುವುದು ಎಲ್ಲಿ ಎಂದರೆ ಹೆಚ್ಚಾಗಿ ಅದಲು-ಬದಲಿನಲ್ಲಿ. ಕೆಲಸಗಾರರು ತಮ್ಮೊಳಗೇ ಪಾಳಿ ಬದಲಿಸಿಕೊಳ್ಳುವುದನ್ನು ನಿಷೇಧಿಸಬಾರದು, ಅವರಿಗಿರುವ ಸ್ವಾತಂತ್ರ್ಯ ಅದೊಂದೇ. ಆದರೆ ಚೀಟಿ ಇರಬೇಕು, ಇಬ್ಬರ ಸಹಿ ಇರಬೇಕು, ಹಿಂದಿನ ದಿನ ಸಂಜೆಯೊಳಗೆ ಬರಬೇಕು. ಚೀಟಿಗಳನ್ನು ಬಿಸಾಕಬೇಡಿ. ಆರು ತಿಂಗಳ ಚೀಟಿ ಎಣಿಸಿದರೆ ಒಬ್ಬನೇ ಹುಡುಗ ಮೂವರ ರಾತ್ರಿ ಪಾಳಿಯನ್ನು ದುಡ್ಡಿಗೆ ಹೊತ್ತಿರುವುದು ಹೊರಬೀಳುತ್ತದೆ, ಇಲ್ಲವೇ ಒಬ್ಬ ಹಿರಿಯ ಪ್ರತಿ ರಾತ್ರಿ ಪಾಳಿಯನ್ನೂ ಮಾರುತ್ತಿರುವುದು ಕಾಣುತ್ತದೆ. ಎರಡನೆಯವನಿಗೆ ಸಕ್ಕರೆ ಕಾಯಿಲೆಯೋ ಬಿಪಿಯೋ ಶುರುವಾಗಿದೆ, ಹೇಳಿಕೊಂಡರೆ ಕೆಲಸ ಹೋದೀತೆಂಬ ಭಯ. ಮಾತಾಡಬೇಕಾದ್ದು ಅವನೊಡನೆ.

ಫೋನಿನದು ಹೊಸ ಪಾಳಿ. ವಾಟ್ಸಾಪ್ ಗುಂಪಿಗೆ ರಾತ್ರಿ 11ಕ್ಕೆ "ನಾಳಿ ಲೋಡ್ ಬರ್ತದ, ಬೇಗ ಬರ್ರಿ" ಎಂದು ಹಾಕುವುದು ಸಲೀಸು. ಓದಿದವನ ನಿದ್ದೆ ಹೋಯಿತು, ಓದದವನು ಮರುದಿನ ಬೈಗುಳ ತಿಂದ. ಬಿಡುವಿನಲ್ಲಿರುವವರಿಗೆ ಫೋನ್ ಮಾಡಲು ಮೂರೇ ಕಾರಣ ಇರಲಿ: ಬೆಂಕಿ, ಗಾಯ, ಫಿಟ್ಟರ್ ಒಬ್ಬನೇ ಸರಿಮಾಡಬಲ್ಲ ಯಂತ್ರ. ಫಿಟ್ಟರನನ್ನು ಕರೆದರೆ ಮನೆ ಬಿಟ್ಟ ಗಳಿಗೆಯಿಂದ ಓಟಿ. ಗುಮಾಸ್ತನ ರಜೆ ಜಿಎಸ್‌ಟಿಯ ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಾದ 11 ಮತ್ತು 20ನೇ ತಾರೀಖಿನ ನಡುವೆ ಬೀಳದಂತೆ ನೋಡಿದರೆ ಅವನಿಗೂ ರಜೆಯಲ್ಲಿ ಫೋನ್ ಬರುವುದಿಲ್ಲ.

ರಜೆ ಕೇಳಿದ ಕೂಡಲೆ "ಕಾಯಕವೇ ಕೈಲಾಸ" ಎನ್ನುವ ಮಾಲೀಕರು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ. ಆ ಮಾತಿರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅದೇ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ, ಮರಳಿ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಅರ್ಧ ಮಾತ್ರ ಉದ್ಧರಿಸುವುದು ಅನುಕೂಲದ ಭಕ್ತಿ.

ಐವತ್ತೈದರ ಮೇಲೆ

ಇವರು ಕೇಳುವುದು ಮುಂಜಾನೆ ಪಾಳಿ. ಹೇಗೂ ನಾಲ್ಕಕ್ಕೆ ಎಚ್ಚರವಾಗುತ್ತದೆ. ಭಾರ ಎತ್ತುವುದನ್ನು ಬಾಯಿಬಿಟ್ಟು ಬೇಡ ಎನ್ನುವುದಿಲ್ಲ, 50 ಕೆಜಿ ಚೀಲದ ಬಳಿ ಸುಮ್ಮನೆ ನಿಧಾನವಾಗುತ್ತಾರೆ. ತೂಕ-ಹೊಲಿಗೆಯ ಜಾಗಕ್ಕೋ ಜರಡಿಗೋ ಸರಿಸಿ. "ಹಗುರ ಕೆಲಸ ಕೊಟ್ಟೀವಿ" ಎಂದು ಎಲ್ಲರ ಮುಂದೆ ಹೇಳದೆ ಪಟ್ಟಿಯಲ್ಲಿ ಮಾತ್ರ ಬದಲಿಸಿ. ಕೂಲಿ ಇಳಿಸಿದರೆ ಮುಂದಿನವರು ಯಾರೂ ಕಾಯಿಲೆ ಹೇಳಿಕೊಳ್ಳುವುದಿಲ್ಲ.

ಪಿಎಫ್ ಪಿಂಚಣಿ 58ಕ್ಕೆ ಶುರುವಾಗುತ್ತದೆ. ಆ ಹೊತ್ತಿಗೆ ಕೇಳಿಕೆ ಕೊನೆಯ ಸಲ ಬದಲಾಗುತ್ತದೆ: ಇಷ್ಟು ವರ್ಷ ರಜೆ ಕೇಳಿದವರು ಈಗ ಬರಲು ಬಿಡಿ ಎನ್ನುತ್ತಾರೆ. ಮನೆಯಲ್ಲಿ ಮಗ-ಸೊಸೆಯ ಸಂಸಾರ, ಕೂರಲು ಕಟ್ಟೆ ಬಿಟ್ಟರೆ ಜಾಗವಿಲ್ಲ. ದೈನಂದಿನ ಪಾಳಿಗೆ ಇವರನ್ನು ಹಾಕಬೇಡಿ. ಲೆಕ್ಕ ಪೂರ್ತಿ ಚುಕ್ತಾ ಮಾಡಿ, ಗ್ರಾಚ್ಯುಟಿ ಕೊಟ್ಟು (ಕೊನೆಯ ತಿಂಗಳ ಕೂಲಿಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಿ), ಆಮೇಲೆ ವಾರಕ್ಕೆ ಮೂರು ದಿನ, 8ರಿಂದ 12ರ ತನಕ ಎಂದು ಹೊಸದಾಗಿ ಬರೆದುಕೊಳ್ಳಿ. ಜರಡಿಯ ತಂತಿ ಬಿಗಿಯುವುದು, ಹರಿದ ಗೋಣಿಚೀಲ ಹೊಲಿಯುವುದು, ಹೊಸ ಹುಡುಗರಿಗೆ ರೋಲರಿನ ಸದ್ದು ಕೇಳಿ ಸಂದು ಹೇಳುವುದನ್ನು ಕಲಿಸುವುದು. ಮೂರನೆಯದಕ್ಕೆ ಬೇರೆ ಯಾರೂ ಸಿಗುವುದಿಲ್ಲ. ಈ ಪುಟವನ್ನೂ ಪುಸ್ತಕದಿಂದ ಹರಿಯಬೇಡಿ, ಜೂನಿನಲ್ಲಿ ಅವರನ್ನೂ ಕೂಡಿಸಿ ಅದೇ ಪ್ರಶ್ನೆ ಕೇಳಿ. ಮೂರು ದಿನ ಎಂದವರು ಎರಡು ಎನ್ನಬಹುದು, ಕೆಲವರು ನಾಲ್ಕು ಎನ್ನುತ್ತಾರೆ.